ಏಣಿಯ ಒಪ್ಪಂದ ಮುಗಿದ ವರ್ಷ

ಸೆಪ್ಟೆಂಬರ್ ೨, ಮಂಗಳವಾರ

ಭವಿಷ್ಯದ ಕ್ರೀಡಾ ಇತಿಹಾಸಕಾರರೇ, ಇನ್ನೂ ಹುಟ್ಟದ ನ್ಯಾಯಶಾಸ್ತ್ರಿಗಳೇ, ನನ್ನೆದುರಿನ ಖಾಲಿ ಕುರ್ಚಿಯಲ್ಲಿ ಒತ್ತೊತ್ತಾಗಿ ಆಸೀನರಾಗಿರುವ ಮಹಾಜನಗಳೇ! ಇಂದು ಸಂಜೆ, ನಮ್ಮ ವಸತಿ ಸಮುಚ್ಚಯದ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಸಿಮೆಂಟು ಬೆಂಚಿನ ಬಳಿ, ಆರು ಜನರ ಮಹಾಸಭೆಯು ನನ್ನನ್ನು ನಿಯಮ ರಚನಾ ಸಮಿತಿಯ ಅಧ್ಯಕ್ಷೆಯನ್ನಾಗಿ ಸರ್ವಾನುಮತದಿಂದ ಆರಿಸಿತು. ಸಮಿತಿಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ ಭಿನ್ನಮತದ ಭಯವೂ ಇಲ್ಲ.

ಆಯ್ಕೆಗೆ ಕಾರಣವನ್ನು ನೆಲಮಹಡಿಯ ದಂತವೈದ್ಯೆ ವಿವರಿಸಿದಳು. "ನೀವೇ ಸರಿ. ನಿಮಗೆ ಆಟದ ತಲೆಬುಡ ಗೊತ್ತಿಲ್ಲ, ಅದಕ್ಕೇ ನೀವು ಯಾರ ಪಕ್ಷಾನೂ ವಹಿಸಲ್ಲ."

ಇನ್ನೊಂದು ಕಾರಣವೂ ಇದೆ. ನಾನು ಈ ಸಮುಚ್ಚಯದ ಕಚೇರಿಯ ಮ್ಯಾನೇಜರ್. ಇಲ್ಲಿನ ಸಕಲ ಸೂಚನಾ ಫಲಕಗಳೂ ನನ್ನ ಕೃತಿಗಳು. 'ಗಾಡಿ ನಿಲ್ಲಿಸಿ ಗೆರೆಯೊಳಗೆ, ಜಗಳ ಇರಲಿ ಮನೆಯೊಳಗೆ.' 'ಎಸೆಯಬೇಡಿ ಕಸ ಕಿಟಕಿಯಿಂದ, ಕೆಳಗೂ ತಲೆಗಳಿವೆ ದೇವರ ದಯದಿಂದ.' ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದ್ದಕ್ಕೆ ಸಂದ ಪ್ರತಿಫಲ ಇದು. ಎಲ್ಲರೂ ನನ್ನನ್ನು ಪ್ರಾಸಕ್ಕ ಎನ್ನುತ್ತಾರೆ. ಫಲಕಗಳನ್ನು ಎಲ್ಲರೂ ಓದುತ್ತಾರೆ, ನಗುತ್ತಾರೆ, ಕಸವನ್ನು ಕಿಟಕಿಯಿಂದಲೇ ಎಸೆಯುತ್ತಾರೆ.

ಈಗ ವಿಷಯಕ್ಕೆ. ಈ ಆರು ಜನ ಸಂಜೆ ಕೋರ್ಟಿನಲ್ಲಿ ನಿಜವಾದ ಚೆಂಡಿನಿಂದ ಆಡುವುದಲ್ಲದೆ, ಫ್ಯಾಂಟಸಿ ಲೀಗ್ ಎಂಬ ಇನ್ನೊಂದು ಆಟವನ್ನೂ ಆಡುತ್ತಾರೆ. ನನಗೆ ತಿಳಿದ ಮಟ್ಟಿಗೆ ಅದು ಹೀಗೆ: ಎಲ್ಲೋ ದೂರದಲ್ಲಿ ಟಿ.ವಿ.ಯಲ್ಲಿ ಕಾಣುವ ಆಟಗಾರರು ನಿಜವಾದ ಬೆವರು ಸುರಿಸಿ ಆಡುತ್ತಾರೆ. ಇಲ್ಲಿ ಇವರು ಆ ಆಟಗಾರರನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ಇವನು ನನ್ನವ, ಅವನು ನಿನ್ನವ ಎನ್ನುತ್ತಾರೆ. ಅವನು ಅಲ್ಲಿ ಬುಟ್ಟಿಗೆ ಚೆಂಡು ಹಾಕಿದರೆ ಇಲ್ಲಿ ಅವನ ಸುಳ್ಳು ಯಜಮಾನನ ಲೆಕ್ಕಕ್ಕೆ ಅಂಕ ಬೀಳುತ್ತದೆ. ಇಷ್ಟು ವರ್ಷ ಒಮ್ಮೆ ಹಿಡಿದ ಆಟಗಾರನನ್ನು ಯಾರೂ ಬಿಡುತ್ತಿರಲಿಲ್ಲ. ದಂತವೈದ್ಯೆ ಒಳ್ಳೆಯವರಿಬ್ಬರನ್ನು ಮೊದಲ ವರ್ಷವೇ ಕಚ್ಚಿಕೊಂಡವಳು ಇನ್ನೂ ಬಾಯಿ ಸಡಿಲಿಸಿಲ್ಲ. ಹೋದ ವರ್ಷ ಇದೇ ಜಗಳ. ಆದ್ದರಿಂದ ಇನ್ನು ಮುಂದೆ ಒಪ್ಪಂದ, ಅವಧಿ, ಅವಧಿ ಮುಗಿದರೆ ಆಟಗಾರ ಮುಕ್ತ. ಮುಕ್ತನಾದವನಿಗೆ ಹರಾಜು. ಅದಕ್ಕೆ ನಿಯಮ ಬರೆಯುವವಳು ನಾನು.

ಲೀಗನ್ನು ಶುರುಮಾಡಿದ್ದು ನನ್ನ ಅಣ್ಣ. ಅವನು ತೀರಿಕೊಂಡು ಆರು ವರ್ಷವಾಯಿತು. ಅವನ ತಂಡವನ್ನು ಈಗ ಅತ್ತಿಗೆ ನಡೆಸುತ್ತಾಳೆ. ಅವನ ತಂಗಿಯನ್ನೂ ಅವಳೇ ನಡೆಸುವುದು ಎಂದು ದಂತವೈದ್ಯೆಯ ತಮಾಷೆ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ, ಎರಡನೇ ಮಹಡಿ, ಲಿಫ್ಟಿನ ಎಡಕ್ಕೆ.

ಸೆಪ್ಟೆಂಬರ್ ೪, ಗುರುವಾರ

ಊಟದ ಮೇಜಿನ ಮೇಲೆ ಅತ್ತಿಗೆ ಚಮಚಗಳನ್ನು ಸಾಲಾಗಿ ಇಟ್ಟು ಪಾಠ ಮಾಡಿದಳು. ಅವಳು ಫಿಸಿಯೋಥೆರಪಿಸ್ಟ್; ಬಗ್ಗದ ಮಂಡಿಗಳನ್ನು ಬಗ್ಗಿಸಿ ಅಭ್ಯಾಸವಿರುವವಳು. ನನ್ನ ತಲೆ ಮಂಡಿಗಿಂತ ಗಟ್ಟಿ.

"ನೋಡು, ಒಬ್ಬೊಬ್ಬ ಯಜಮಾನನಿಗೂ ನೂರು ಅಂಕ, ದುಡ್ಡಿನ ಥರ. ಅಷ್ಟರಲ್ಲೇ ತಂಡ ಕಟ್ಬೇಕು. ಈ ದೊಡ್ಡ ಚಮಚ ಒಳ್ಳೇ ಆಟಗಾರ. ಇವನಿಗೆ ಮೂವತ್ತು ಅಂಕ, ಮೂರು ವರ್ಷದ ಒಪ್ಪಂದ. ಮೂರು ವರ್ಷ ಆದ್ಮೇಲೆ?"

"ತೊಳೆದಿಡಬೇಕು."

"ಮುಕ್ತ! ಯಾರು ಬೇಕಾದ್ರೂ ಕೂಗಬಹುದು. ನಮ್ಮ ಲೀಗಿನ ಬೇಕರಿಯವರು ಮೂವತ್ತೈದು ಕೂಗಿದ್ರು ಅಂತಿಟ್ಕೋ. ಹಳೇ ಯಜಮಾನನಿಗೆ ಏಳು ದಿನ ಟೈಮು. ತಾನೂ ಮೂವತ್ತೈದು ಕೊಡ್ತೀನಿ ಅಂದ್ರೆ ಅವನು ಇಲ್ಲೇ ಇರ್ತಾನೆ. ಅದು ಸರಿಗಟ್ಟೋ ಹಕ್ಕು. ಸುಮ್ಮನಿದ್ರೆ ಹೋಗ್ತಾನೆ."

"ಇದನ್ನೆಲ್ಲ ಆಟಗಾರನಿಗೆ ಯಾರು ತಿಳಿಸ್ತಾರೆ?"

"ಯಾವ ಆಟಗಾರನಿಗೆ?"

"ಚಮಚಕ್ಕೆ."

ಅವಳು ನಕ್ಕೂ ನಕ್ಕೂ ಮೇಜಿಗೆ ತಲೆ ಇಟ್ಟಳು. ಆಟಗಾರನಿಗೆ ನಾವೆಲ್ಲ ಇದ್ದೇವೆ ಎಂಬುದೇ ಗೊತ್ತಿಲ್ಲವಂತೆ. ಹಾಗಾದರೆ ಒಪ್ಪಂದ ಯಾರ ಜೊತೆ? ಎರಡು ಕೈ ಸೇರಿದರೆ ಒಪ್ಪಂದ ಎಂದು ನಾನು ತಿಳಿದಿದ್ದೆ. ಇಲ್ಲಿ ಒಂದೇ ಕೈ, ಅದೂ ಗಾಳಿಯಲ್ಲಿ. ಮಹಾಜನಗಳಿಗೆ ಅರ್ಥವಾಗಿದ್ದರೆ ದಯವಿಟ್ಟು ಕೈ ಎತ್ತಿ.

ಚಮಚಗಳನ್ನು ನಾನು ತೊಳೆದೆ, ಅವಳು ಒರೆಸಿದಳು. ಒರೆಸುತ್ತಲೇ ಹೇಳಿದಳು, "ಡ್ರೈವಿಂಗ್ ಮೇಷ್ಟ್ರು ಕೇಳಿದ್ರು."

"ಏನನ್ನ? ಒಪ್ಪಂದದ ಅವಧೀನಾ?"

"ಮದುವೆಯಾಗ್ತೀಯಾ ಅಂತ."

ಡ್ರೈವಿಂಗ್ ಮೇಷ್ಟ್ರೆಂದರೆ ಲೀಗಿನ ಆರನೆಯವರು. ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ, ಹೆಂಡತಿ ಹೋಗಿ ಬಹಳ ಕಾಲವಾಗಿದೆ, ಪ್ರತಿ ವರ್ಷ ಕೊನೆಯ ಸ್ಥಾನ. ಊರಿನ ಆ ತುದಿಯಲ್ಲಿ, ರೈಲ್ವೆ ಗೇಟಿನ ಆಚೆ ಮನೆ. ನಾನು ನಲ್ಲಿ ನಿಲ್ಲಿಸಿ, ಹೇಳಬೇಕಾದ್ದನ್ನು ಹೇಳಿದೆ: "ನಿನ್ನಿಷ್ಟ."

ಅವಳು ಚಮಚವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಇದಕ್ಕೂ ನಿಯಮ ರಚನೆಗೂ ಸಂಬಂಧವಿಲ್ಲ. ಸುಮ್ಮನೆ ನಮೂದಿಸಿದ್ದೇನೆ.

ಸೆಪ್ಟೆಂಬರ್ ೭, ಭಾನುವಾರ

ಮೊದಲ ಕರಡು ಸಭೆಗೆ ಓದಿದೆ. ಕಚೇರಿಯಲ್ಲಿ ಕುರ್ಚಿಗಳು ನಾಲ್ಕೇ ಇರುವುದರಿಂದ ನಾಲ್ಕನೇ ಮಹಡಿಯ ಅವಳಿ ಅಣ್ಣತಮ್ಮಂದಿರು ಕಪಾಟಿಗೆ ಒರಗಿ ನಿಂತರು.

'ಒಪ್ಪಂದ ಮುಗಿದೊಡನೆ ಆಟಗಾರ ಮುಕ್ತ. ಹಿಂದಿನ ಯಜಮಾನ ಬಾಯಿ ಬಿಡುವುದು ಸೂಕ್ತ.' ಚಪ್ಪಾಳೆ ಬಂತು.

'ಸ್ಥಳ ಬದಲಿಸುವ ಮುನ್ನ ಆಟಗಾರನ ಒಪ್ಪಿಗೆಯನ್ನು ಕೇಳತಕ್ಕದ್ದು.' ಇದಕ್ಕೆ ಬಂದದ್ದು ಬೇರೆ.

"ಪ್ರಾಸಕ್ಕ, ಅವನನ್ನ ಕೇಳೋದು ಹೇಗೆ? ಟಿ.ವಿ. ಹತ್ರ ಹೋಗಿ ಕಿರುಚೋದಾ?" ಎಂದ ದೊಡ್ಡ ಅವಳಿ.

"ಮಧ್ಯೆ ಜಾಹೀರಾತು ಬಂದಾಗ ಕೇಳಬೇಕು," ಎಂದ ಚಿಕ್ಕ ಅವಳಿ.

ಬೇಕರಿಯವರು ತಮ್ಮ ಹೊಟ್ಟೆ ಹಿಡಿದುಕೊಂಡರು. ದಂತವೈದ್ಯೆಯ ಎಲ್ಲ ಹಲ್ಲುಗಳೂ ಕಂಡವು. ಡ್ರೈವಿಂಗ್ ಮೇಷ್ಟ್ರು ಮಾತ್ರ ನಗಲಿಲ್ಲ. "ಕೇಳೋದು ತಪ್ಪೇನಲ್ಲ," ಎಂದು ನೆಲ ನೋಡುತ್ತಾ ಹೇಳಿದರು. ಅತ್ತಿಗೆ ಕಿಟಕಿಯಿಂದಾಚೆ ನೋಡುತ್ತಿದ್ದಳು. ಅಲ್ಲಿ ನೀರಿನ ಟ್ಯಾಂಕಿನ ಹೊರತು ಏನೂ ಇಲ್ಲ.

ಆ ನಿಯಮವನ್ನು ಹೊಡೆದುಹಾಕಿದ್ದೇನೆ.

ಹಳೆಯ ಆಟಗಾರರದ್ದು ಇನ್ನೊಂದು ತಕರಾರು. ಅವರಿಗೆ ಈವರೆಗೆ ಒಪ್ಪಂದವೇ ಇಲ್ಲವಲ್ಲ? ಮೊದಲ ವರ್ಷದಿಂದ ಒಂದೇ ತಂಡದಲ್ಲಿರುವವರೆಲ್ಲ ಈ ಸಲವೇ ಮುಕ್ತರು ಎಂದು ಅವಳಿಗಳು. ಹಾಗಂದರೆ ದಂತವೈದ್ಯೆಯ ಇಬ್ಬರು, ಮತ್ತೆ ಅತ್ತಿಗೆಯ ಏಣಿ.

ಏಣಿ ಎಂದರೆ ಅಣ್ಣ ಮೊದಲ ವರ್ಷ ಆರಿಸಿದ ಉದ್ದನೆಯ ಹುಡುಗ. ಹೆಸರು ಹೇಳಲು ನಾಲಿಗೆ ಹೊರಳುತ್ತಿರಲಿಲ್ಲವಾದ್ದರಿಂದ ಅಣ್ಣ ಅವನನ್ನು ಹಾಗೆ ಕರೆದ. ಈಗ ಹುಡುಗನೇನಲ್ಲ. ಎರಡೂ ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಡುತ್ತಾನಂತೆ. ನಾನು ಅವನ ಮುಖವನ್ನೂ ಸರಿಯಾಗಿ ನೋಡಿಲ್ಲ. ಆದರೂ ಕೇಳಿದೆ, "ಏಣಿ ಯಾಕೆ ಮುಕ್ತನಾಗಬೇಕು? ಅವನು ಇಲ್ಲೇ ಇದ್ದಾನಲ್ಲ!"

"ಎಲ್ಲಿ?" ಎಂದಳು ಅತ್ತಿಗೆ.

ಸೆಪ್ಟೆಂಬರ್ ೯, ಮಂಗಳವಾರ

ಮೂರನೇ ಬ್ಲಾಕಿನ ಟ್ಯಾಂಕು ತುಂಬಿ ಹರಿಯಿತು. ಪ್ಲಂಬರ್ ಬಂದು, ತೇಲುವ ಚೆಂಡು ಕೆಟ್ಟಿದೆ ಎಂದ. ನೀರು ಎಷ್ಟಾಯಿತು ಎಂದು ತಿಳಿಸಬೇಕಾದ ಚೆಂಡಂತೆ. ಅದು ತಳದಲ್ಲೇ ಕೂತಿತ್ತು.

ಅತ್ತಿಗೆ ಬೆಳಿಗ್ಗೆ ನೀಲಿ ಅಂಗಿ ಹಾಕಿಕೊಂಡು ಹೋದಳು. ಅದನ್ನು ಕಪಾಟಿನಿಂದ ತೆಗೆದು ಬಹಳ ಕಾಲವಾಗಿತ್ತು. ನನಗೇಕೆ.

ಸೆಪ್ಟೆಂಬರ್ ೧೩, ಶನಿವಾರ

ಎರಡನೇ ಕರಡು. ನಿಯಮ ಬರೆಯುವಾಗ ಪೆನ್ನು ನನ್ನ ಮಾತು ಕೇಳದೆ ಓಡಿತು. ಹಳೆಯ ಯಜಮಾನನಿಗೆ ಸರಿಗಟ್ಟುವ ಹಕ್ಕು ಏಳು ದಿನ. ಸಾಲದಿದ್ದರೆ ಇನ್ನೂ ಏಳು ದಿನ. ಕೂಗಿದವನು ಕಾರಣ ಬರೆದುಕೊಡಬೇಕು. ಕಾರಣ ತೃಪ್ತಿಕರವಾಗಿರಬೇಕು. ತೃಪ್ತಿ ಆಯಿತೋ ಇಲ್ಲವೋ ಎಂಬುದನ್ನು ಅಧ್ಯಕ್ಷೆ ನಿರ್ಧರಿಸುತ್ತಾಳೆ. ಐದು ವರ್ಷಕ್ಕೂ ಮಿಕ್ಕಿ ಒಂದೇ ತಂಡದಲ್ಲಿರುವವರು ಮುಕ್ತರಾದರೂ ತಂಡ ಬಿಡುವಂತಿಲ್ಲ. ಹೊಸ ತಂಡಕ್ಕೆ ಹೋದವರು ಹಳೆಯ ತಂಡಕ್ಕೂ ವಾರದಲ್ಲಿ ಎರಡು ದಿನ ಆಡಬೇಕು.

ದಂತವೈದ್ಯೆ ಓದಿ ನನ್ನನ್ನು ತಬ್ಬಿಕೊಂಡಳು. "ಎಂಥಾ ಬುದ್ಧಿ ನಿಮ್ಮದು! ಒಬ್ಬನೂ ನನ್ನ ಕೈ ತಪ್ಪಲ್ಲ."

ದೊಡ್ಡ ಅವಳಿ ಇನ್ನೊಮ್ಮೆ ಓದಿದ. "ಮುಕ್ತರಾದರೂ ಬಿಡುವಂತಿಲ್ಲ. ಪ್ರಾಸಕ್ಕ, ಇದು ಲೀಗಾ, ಲಾಕಪ್ಪಾ?"

"ಒಂದೇ ಆಟಗಾರ ಎರಡು ತಂಡಕ್ಕೆ ಹೇಗೆ ಆಡ್ತಾನೆ?" ಎಂದ ಚಿಕ್ಕವ.

"ವಾರದಲ್ಲಿ ಎರಡೇ ದಿನ," ಎಂದೆ. "ಸಂಜೆ ಬಂದು ಊಟ ಮಾಡ್ಕೊಂಡು ಹೋಗ್ಲಿ."

ಎಲ್ಲರೂ ನನ್ನ ಮುಖ ನೋಡಿದರು. ಊಟ ಎಂದು ಯಾಕೆ ಅಂದೆನೋ ನನಗೂ ತಿಳಿಯದು. ಹಸಿವಾಗಿದ್ದಿರಬೇಕು.

ಸೆಪ್ಟೆಂಬರ್ ೧೬, ಮಂಗಳವಾರ

ಡ್ರೈವಿಂಗ್ ಮೇಷ್ಟ್ರು ಕಚೇರಿಗೆ ಬಂದರು. ಬಾಗಿಲ ಬಳಿ ನಿಂತು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಒಳಗೆ ಬಂದರು. ಕೂತರು. ಕಾರಿನ ಸೀಟ್ ಬೆಲ್ಟು ಹುಡುಕಿದರೋ ಎನ್ನುವ ಹಾಗೆ ಎರಡೂ ಕೈ ಸೊಂಟಕ್ಕೆ ಹೋಗಿ ವಾಪಸ್ಸಾದವು.

"ನಿಮ್ಮ ಅತ್ತಿಗೆ ಹೇಳಿರಬೇಕು."

"ಗಾಡಿ ಎಲ್ಲಿ ನಿಲ್ಸಿದ್ದೀರಿ?"

"ಹೊರಗೇ. ಗೆರೆಯೊಳಗೆ." ಗಂಟಲು ಸರಿಮಾಡಿಕೊಂಡರು. "ಅವರ ಮನೆ ಕಡೆ ಹಿರಿಯರು ಅಂದ್ರೆ ನೀವೊಬ್ರೇ. ಅವರು ಒಪ್ಪಿದ್ರೂ ನಿಮಗೆ ನೋವಾಗೋ ಹಾಗಿದ್ರೆ ನಾನು ಮುಂದುವರಿಯಲ್ಲ. ನೀವು ಬೇಡ ಅಂದ್ರೆ ಕೇಳಿದ್ದನ್ನ ವಾಪಸ್ ತಗೋತೀನಿ. ನಿಜವಾಗ್ಲೂ."

ಮಹಾಜನಗಳೇ, ಎರಡು ಅಕ್ಷರ ಸಾಕಿತ್ತು. ಬೇಡ. ಅಂದರೆ ಮುಗಿಯುತ್ತಿತ್ತು. ಮನುಷ್ಯ ಅಷ್ಟು ಸಜ್ಜನ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಹಿಡಿಯುವ ಜಾಗ ಸಿಗುವುದಿಲ್ಲ.

"ಅರ್ಜಿ ಕೊಟ್ಟು ಹೋಗಿ," ಎಂದೆ.

"ಯಾವ ಅರ್ಜಿ?"

"ಇಲ್ಲಿ ಏನೇ ಆದ್ರೂ ಅರ್ಜಿ ಕೊಡ್ಬೇಕು."

ಅವರು ಒಂದು ಕ್ಷಣ ಯೋಚಿಸಿ, ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ನಿಜವಾಗಿಯೂ ಬರೆಯತೊಡಗಿದರು. ಮೇಲೆ 'ಮಾನ್ಯರೇ' ಎಂದು ಬರೆದು ನಿಂತರು. ಆಮೇಲೆ ಪೆನ್ನು ಮುಚ್ಚಿ, "ಏನು ಅಂತ ಬರೀಲಿ ನೀವೇ ಹೇಳಿ," ಎಂದರು. ನನಗೂ ತಿಳಿಯಲಿಲ್ಲ. ಇಬ್ಬರೂ ಆ 'ಮಾನ್ಯರೇ'ಯನ್ನು ನೋಡುತ್ತಾ ಕೂತೆವು. ಕೊನೆಗೆ ಲಿಫ್ಟು ಕೆಟ್ಟಿದೆ ಎಂದು ಯಾರೋ ಬಂದು ಇಬ್ಬರನ್ನೂ ಕಾಪಾಡಿದರು.

ಸೆಪ್ಟೆಂಬರ್ ೧೭, ಬುಧವಾರ

ಲಿಫ್ಟು ಸರಿಯಾಯಿತು. ನಾನು ಮೆಟ್ಟಿಲಲ್ಲೇ ಹತ್ತಿದೆ.

ಸೆಪ್ಟೆಂಬರ್ ೨೦, ಶನಿವಾರ

ಸಂಜೆ ಕೋರ್ಟಿಗೆ ಹೋಗಿದ್ದೆ, ಬರೀ ನಿಯಮಗಳ ದೃಷ್ಟಿಯಿಂದ. ಅತ್ತಿಗೆ ಒಬ್ಬಳೇ ಚೆಂಡು ಬಡಿಯುತ್ತಿದ್ದಳು. ಕಾಲೇಜಿನ ತಂಡದಲ್ಲಿ ಆಡಿದವಳು. ಅಣ್ಣ ಅವಳನ್ನು ಮೊದಲು ಕಂಡದ್ದು ಇಂಥದೇ ಕೋರ್ಟಿನ ಬಳಿ. ಮನೆಗೆ ಬಂದು, "ಒಬ್ಬಳು ಚೆಂಡನ್ನ ಬೈತಾ ಬೈತಾ ಆಡ್ತಾಳೆ, ಕೇಳೋಕೆ ಎಷ್ಟು ಚೆಂದ ಗೊತ್ತಾ," ಎಂದಿದ್ದ. ನನಗಿಂತ ಮೂರು ವರ್ಷ ಚಿಕ್ಕವಳು ಅತ್ತಿಗೆಯಾಗಿ ಬಂದಳೆಂದು ಮೊದಲ ವರ್ಷ ನಾನು ಮುಖ ಗಂಟಿಕ್ಕಿಕೊಂಡಿದ್ದೆ. ಆಮೇಲೆ ಗಂಟು ಯಾವಾಗ ಬಿಚ್ಚಿತೋ ನೆನಪಿಲ್ಲ.

"ಬಾ, ಒಂದು ಎಸೆ," ಎಂದಳು.

ಎಸೆದೆ. ಚೆಂಡು ಬುಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಬೇಲಿ ದಾಟಿ ಹೋಗಿ ಮೊದಲ ಬ್ಲಾಕಿನವರ ಸ್ಕೂಟರಿಗೆ ಬಡಿಯಿತು. ಅವಳು ಓಡಿ ಹೋಗಿ ತಂದು ಮತ್ತೆ ನನ್ನ ಕೈಗಿಟ್ಟಳು.

"ಬಿಗಿಯಾಗಿ ಹಿಡ್ಕೋತೀಯ. ಬೆರಳ ತುದೀಲಿ ಹಿಡಿ. ಅಂಗೈಗೆ ತಾಗಬಾರದು."

"ಬಿದ್ದೋದ್ರೆ?"

"ಬೀಳಲ್ಲ. ಬಿಗಿ ಹಿಡಿದ್ರೆ ಬಿಡೋ ಹೊತ್ತಿಗೆ ಬಿಡೋಕಾಗಲ್ಲ. ಅದಕ್ಕೇ ಅದು ಸ್ಕೂಟರಿಗೆ ಹೋಗಿದ್ದು."

ನಾಲ್ಕನೆಯದು ಬುಟ್ಟಿಯ ಕಂಬಿಗೆ ತಾಗಿತು. ಕಂಬಿಯ ಆ ಸದ್ದು, ಖಣ್ ಎಂದು, ಇನ್ನೂ ಕಿವಿಯಲ್ಲಿದೆ.

ಆಮೇಲೆ ಬೆಂಚಿನ ಮೇಲೆ ಕೂತು ಅವಳು ಬೆವರು ಒರೆಸಿಕೊಂಡಳು. "ಮೇಷ್ಟ್ರು ನಿನ್ನ ಹತ್ರ ಬಂದಿದ್ರಂತೆ."

"ಹೂಂ."

"ಏನಂದೆ?"

"ನಾನೇನನ್ನಲಿ? ನಿನ್ನಿಷ್ಟ."

"ಆ ಮಾತು ಇನ್ನೊಂದ್ಸಲ ಅಂದ್ರೆ ಈ ಚೆಂಡು ನಿಮ್ಮ ತಲೆಗೆ ಬೀಳತ್ತೆ, ನೋಡ್ತಾ ಇರಿ!"

ಸಿಟ್ಟು ಬಂದರೆ ಅವಳು ನನಗೆ ಬಹುವಚನ ಕೊಡುತ್ತಾಳೆ. ಇಷ್ಟು ಮರ್ಯಾದೆ ಸಿಕ್ಕಿ ವರ್ಷಗಳಾಗಿದ್ದವು. ಎದ್ದು ಹೋದಳು. ತಪ್ಪೇನು ನನ್ನದು? ನಿನ್ನಿಷ್ಟ ಅನ್ನುವುದಕ್ಕಿಂತ ದೊಡ್ಡ ಸ್ವಾತಂತ್ರ್ಯವನ್ನು ಯಾರು ಕೊಟ್ಟಾರು? ಅರ್ಥವಾಗುತ್ತಿಲ್ಲ. ಲೀಗಿನ ನಿಯಮವಾದರೂ ಮೇಲು, ಅದರಲ್ಲಿ ಅರ್ಥವಾಗದ್ದು ಇಂಥದು ಎಂದಾದರೂ ಗೊತ್ತು.

ಸೆಪ್ಟೆಂಬರ್ ೨೪, ಬುಧವಾರ

ಮೂರನೇ ಕರಡು ಕುಗ್ಗಿದೆ. ಎರಡನೇ ಏಳು ದಿನ ತೆಗೆದೆ. ತೃಪ್ತಿಕರ ಕಾರಣ ತೆಗೆದೆ. ವಾರದಲ್ಲಿ ಎರಡು ದಿನವನ್ನು ತೆಗೆದು, ಮತ್ತೆ ಸೇರಿಸಿ, ಮತ್ತೆ ತೆಗೆದೆ. ಐದು ವರ್ಷದವರು ತಂಡ ಬಿಡುವಂತಿಲ್ಲ ಎಂಬುದನ್ನು ಅವಳಿಗಳ ಕಾಟ ತಡೆಯಲಾರದೆ ಹೊಡೆದುಹಾಕಿದೆ. ಉಳಿದದ್ದು ಇಷ್ಟು:

'ಏಳು ದಿನ ಬಾಯಿ ಬಿಡದಿದ್ದರೆ ಯಜಮಾನ, ಆಮೇಲೆ ಗೊಣಗುವುದಕ್ಕೆ ಇಲ್ಲ ಸ್ಥಾನಮಾನ.'

ದಂತವೈದ್ಯೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮುಂದಿನ ವಾರ ನನ್ನ ದವಡೆ ಹಲ್ಲಿನ ಸರದಿ ಇದೆ. ಭಯವಾಗುತ್ತಿದೆ.

ಸೆಪ್ಟೆಂಬರ್ ೨೮, ಭಾನುವಾರ

ಹರಾಜು. ಕಚೇರಿಯಲ್ಲೇ. ಬೇಕರಿಯವರು ಬಿಸ್ಕತ್ತು ತಂದಿದ್ದರು. ನಾನು ಮೇಜಿನ ಹಿಂದೆ, ಕೈಯಲ್ಲಿ ಕಾಗದ ಅಮುಕುವ ಗಾಜಿನ ಗುಂಡು. ಅದನ್ನೇ ಸುತ್ತಿಗೆ ಎಂದು ಭಾವಿಸತಕ್ಕದ್ದು.

ದಂತವೈದ್ಯೆಯ ಇಬ್ಬರನ್ನೂ ಅವಳಿಗಳು ಕೂಗಿದರು. ಒಬ್ಬನಿಗೆ ಅವಳು ಸರಿಗಟ್ಟಿದಳು. ಇನ್ನೊಬ್ಬನಿಗೆ ಅಂಕ ಸಾಲದೆ ಬಿಟ್ಟಳು. ಬಿಡುವಾಗ ಹಲ್ಲು ಕೀಳಿಸಿಕೊಂಡವರ ಮುಖ ಮಾಡಿಕೊಂಡಳು. ಕೀಳುವವಳೇ ಅವಳಾದ್ದರಿಂದ ಆ ಮುಖ ನಮಗೆ ಹೊಸದು.

"ಮುಂದಿನ ಮುಕ್ತ ಆಟಗಾರ," ಎಂದು ಓದಿದೆ, "ಏಣಿ."

ಯಾರೂ ಕೂಗಲಿಲ್ಲ. ಅಣ್ಣನ ಆಟಗಾರನೆಂದು ಎಲ್ಲರಿಗೂ ಗೊತ್ತು. ಡ್ರೈವಿಂಗ್ ಮೇಷ್ಟ್ರು ಬಿಸ್ಕತ್ತನ್ನು ಪರೀಕ್ಷಿಸುತ್ತಿದ್ದರು. ಅಷ್ಟರಲ್ಲಿ ಅತ್ತಿಗೆಯೇ, "ಯಾಕೆ, ಯಾರಿಗೂ ಬೇಡ್ವಾ? ಮಂಡಿ ಹೋಗಿದೆ, ಕೈ ಹೋಗಿಲ್ಲ," ಎಂದಳು. ಬೇಕರಿಯವರು ಹಿಂಜರಿಯುತ್ತಾ, "ಹಾಗಾದ್ರೆ... ಹನ್ನೊಂದು," ಎಂದರು.

ಹನ್ನೊಂದು! ಅತ್ತಿಗೆಯ ಬಳಿ ಮೂವತ್ತಕ್ಕೂ ಹೆಚ್ಚು ಉಳಿದಿತ್ತು. ನಾನು ಗುಂಡು ಎತ್ತಿ ಅವಳ ಕಡೆ ನೋಡಿದೆ.

"ಬಿಟ್ಟೆ," ಎಂದಳು.

"ಏಳು ದಿನ ಇದೆ," ಎಂದೆ.

"ಬೇಡ. ಈಗಲೇ ಬಿಟ್ಟೆ. ಅವನಿಗೆ ಒಳ್ಳೇದಾಗ್ಲಿ."

"ಸರಿಗಟ್ಟು!" ಎಂದೆ.

ಸದ್ದು ಯಾರದೆಂದು ನಾನೇ ತಿರುಗಿ ನೋಡುವಷ್ಟು ಜೋರಾಗಿ ಬಂದಿತ್ತು. ನಿಷ್ಪಕ್ಷಪಾತಿ ಅಧ್ಯಕ್ಷೆ, ಆಟದ ಗಂಧ ಗಾಳಿ ಇಲ್ಲದವಳು, ಎದ್ದು ನಿಂತಿದ್ದೆ. "ಹನ್ನೊಂದೇ ತಾನೇ? ಸರಿಗಟ್ಟೇ! ಅಂಕ ಇದೆಯಲ್ಲೇ! ಇಷ್ಟು ವರ್ಷ ಇದ್ದವನನ್ನ ಹೀಗೆ, ಬಿಸ್ಕತ್ತು ತಿಂತಾ ತಿಂತಾ..."

ಗಾಜಿನ ಗುಂಡು ಕೈ ಜಾರಿ ಉರುಳುತ್ತಾ ಹೋಗಿ ಕಪಾಟಿನ ಕೆಳಗೆ ಸೇರಿತು.

"ಅಧ್ಯಕ್ಷರೇ, ನೀವು ಯಾರ ಕಡೆ?" ಎಂದರು ಬೇಕರಿಯವರು, ಪಾಪ, ಹೆದರಿಕೊಂಡೇ. "ಬೇಕಾದ್ರೆ ನಾನು ವಾಪಸ್ ತಗೋತೀನಿ..."

"ಯಾರೂ ಏನೂ ವಾಪಸ್ ತಗೊಳ್ಳೋದು ಬೇಡ," ಎಂದಳು ಅತ್ತಿಗೆ. ಬೇಕರಿಯವರಿಗೆ ಹೇಳಿದಳು, ಆದರೆ ಮೇಷ್ಟ್ರು ಬಿಸ್ಕತ್ತು ಕೆಳಗಿಟ್ಟರು.

ಎಲ್ಲರೂ ಹೋದ ಮೇಲೆ ಅವಳು ನೆಲದ ಮೇಲೆ ಮಲಗಿ ಪೊರಕೆಯ ಹಿಡಿಯಿಂದ ಗುಂಡನ್ನು ಹೊರಗೆ ತೆಗೆದಳು. ಧೂಳು ಊದಿ ಮೇಜಿನ ಮೇಲಿಟ್ಟಳು.

"ಮೇಷ್ಟ್ರಿಗೆ ಮುಂದಿನ ಭಾನುವಾರ ಉತ್ತರ ಹೇಳ್ತೀನಿ. ನಿಂಗೂ ಏಳು ದಿನ ಇದೆ, ಪ್ರಾಸಕ್ಕ. ನಿಯಮ ನಿಂದೇ."

"ನಾನೇನು ಹೇಳ್ಬೇಕು?"

"ಅದನ್ನೂ ನಾನೇ ಬರೆದುಕೊಡ್ಬೇಕಾ?"

ಸೆಪ್ಟೆಂಬರ್ ೩೦, ಮಂಗಳವಾರ

ದಂತವೈದ್ಯೆಯ ಕುರ್ಚಿ. ಬಾಯಿ ತೆರೆಸಿ, ಹತ್ತಿ ತುರುಕಿ, ನಾನು ಉತ್ತರಿಸಲಾರದ ಸ್ಥಿತಿಯಲ್ಲಿದ್ದಾಗ ಹೇಳಿದಳು, "ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ಬಿಡಿ. ಒಬ್ಬ ಹೋದ. ನಿನ್ನೆ ರಾತ್ರಿ ಆಡಿದ್ದನ್ನ ನೋಡ್ದೆ. ಅವನು ಮೊದಲಿನ ಹಾಗೇ ಆಡ್ತಿದ್ದ, ನಾನೂ ಮೊದಲಿನ ಹಾಗೇ ಚಪ್ಪಾಳೆ ಹೊಡೆದೆ. ನನ್ನ ಲೆಕ್ಕಕ್ಕೆ ಅಂಕ ಬರ್ಲಿಲ್ಲ, ಅಷ್ಟೇ. ಉಗುಳಿ."

ಉಗುಳಿದೆ.

ಅಕ್ಟೋಬರ್ ೨, ಗುರುವಾರ

ಮಾತು ಹುಡುಕುತ್ತಿದ್ದೇನೆ. ಹಾಳೆಯ ಮೇಲೆ 'ಪ್ರಿಯ ಅತ್ತಿಗೆ' ಎಂದು ಬರೆದೆ. ಮೇಷ್ಟ್ರ 'ಮಾನ್ಯರೇ' ನೆನಪಾಯಿತು. ಹರಿದೆ. ಪಾಪ ಮನುಷ್ಯ, ಅವತ್ತು ಎಷ್ಟು ಹೊತ್ತು ಕೂರಿಸಿದ್ದೆ. ನೀರು ಬೇಕೇ ಎಂದೂ ಕೇಳಲಿಲ್ಲ.

ಅಕ್ಟೋಬರ್ ೪, ಶನಿವಾರ

ಯಾರೂ ಇಲ್ಲದಾಗ ಕೋರ್ಟಿಗೆ ಹೋಗಿ ಎಸೆದೆ. ಒಂದು ಬಿತ್ತು. ಬುಟ್ಟಿಯೊಳಗೆ! ಹೇಳೋಣವೆಂದು ತಿರುಗಿ ನೋಡಿದರೆ ಬೆಂಚು ಖಾಲಿ.

ಅಕ್ಟೋಬರ್ ೫, ಭಾನುವಾರ

ಮಹಾಜನಗಳೇ, ಏಳನೆಯ ದಿನದ ವರದಿ.

ಬೆಳಿಗ್ಗೆ ಅತ್ತಿಗೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ. ಕ್ಲಿಪ್ಪುಗಳ ಡಬ್ಬಿ ಹಿಡಿದುಕೊಂಡೆ. ಅವಳು ಕೈ ಚಾಚಿದಾಗೆಲ್ಲ ಒಂದೊಂದು ಕೊಟ್ಟೆ. ಹಾಳಾದ್ದು, ಒಂದು ಪ್ರಾಸವೂ ನೆರವಿಗೆ ಬರಲಿಲ್ಲ.

"ಮೊದಲ ಕರಡಲ್ಲಿ ಒಂದು ನಿಯಮ ಇತ್ತು," ಎಂದೆ. "ಎಲ್ಲರೂ ನಕ್ಕಿದ್ರಲ್ಲ, ಅದು."

"ಆಟಗಾರನ್ನ ಕೇಳಬೇಕು ಅನ್ನೋದು."

"ಅದೇ. ನಾನು... ನಿನ್ನನ್ನ ಕೇಳಲೇ ಇಲ್ಲ. ನಿನ್ನಿಷ್ಟ ಅಂದೆ. ಇಷ್ಟಾನಾ ಅಂತ ಕೇಳ್ಲಿಲ್ಲ."

ಅವಳು ಒದ್ದೆ ಟವೆಲನ್ನು ಕೊಡವುವುದನ್ನು ನಿಲ್ಲಿಸಿದಳು.

"ಕೇಳು."

"ಇಷ್ಟಾನಾ?"

"ಇಷ್ಟ," ಎಂದಳು. ಟವೆಲನ್ನು ಮತ್ತೊಮ್ಮೆ ಹಿಂಡುತ್ತಾ, "ಜೊತೇಲಿ ಕಾರಲ್ಲಿ ಕೂತ್ರೆ ಒಂದು ಸಲಾನೂ ಹಾರ್ನ್ ಹೊಡೆಯಲ್ಲ ಕಣೇ ಆ ಮನುಷ್ಯ. ಮುಂದಿನವರು ಎಷ್ಟೇ ನಿಧಾನ ಮಾಡಿದ್ರೂ ಕಾಯ್ತಾನೆ. ನಿನ್ನ ಹಾಗಿರೋರಿಗೂ ಕಾದಿದ್ದಾನೆ, ನೋಡು, ಒಂದು ತಿಂಗಳು." ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು, ಅದೇ ಒದ್ದೆ ಟವೆಲಿನಿಂದ. "ಈಗ ನಿನ್ನ ಸರದಿ. ನಿಂಗೇನನ್ಸತ್ತೆ? ನಿಯಮ ಬೇಡ. ಪ್ರಾಸ ಬೇಡ."

ನಾನು, "ಒಂದು ಬುಟ್ಟಿಗೆ ಬಿತ್ತು. ನಿನ್ನೆ. ನೀನಿರಲಿಲ್ಲ," ಎಂದೆ.

ಅವಳಿಗೆ ಅರ್ಥವಾಯಿತೋ ಏನೋ. ಟವೆಲನ್ನು ನನ್ನ ಹೆಗಲ ಮೇಲೆ ಹಾಕಿ, ನನ್ನನ್ನೂ ಬಟ್ಟೆ ಹರವುವ ಹಗ್ಗದಂತೆ ಅಲ್ಲೇ ಬಿಟ್ಟು, ಫೋನು ಮಾಡಲು ಒಳಗೆ ಹೋದಳು. ಒಳಗಿಂದ ಅವಳ ದನಿ ಕೇಳಿಸುತ್ತಿತ್ತು. ಮೊದಲು ಏನೋ ಬೈದಳು, ಆಮೇಲೆ ಮೆಲ್ಲಗಾದಳು. ಅಣ್ಣ ಹೇಳಿದ್ದು ನಿಜ. ಕೇಳುವುದಕ್ಕೆ ಚೆಂದವಾಗಿಯೇ ಇತ್ತು.

ಈಗ ಮಧ್ಯಾಹ್ನ. ಮೇಷ್ಟ್ರು ಸಂಜೆ ಬರುತ್ತಾರೆ. ಏನು ಅಡುಗೆ ಮಾಡುವುದು ಎಂದು ಅವಳು ಅಡುಗೆಮನೆಯಿಂದ ಕೂಗುತ್ತಿದ್ದಾಳೆ. ಅಂತಿಮ ನಿಯಮಾವಳಿಯನ್ನು ಶುದ್ಧಪ್ರತಿ ಮಾಡಿ ಇಲ್ಲಿ ಅಂಟಿಸಬೇಕೆಂದು ಕೂತಿದ್ದೆ. ಇತಿಹಾಸಕಾರರೇ, ನ್ಯಾಯಶಾಸ್ತ್ರಿಗಳೇ...

ಯಾರೂ ಇಲ್ಲ. ಎದುರಿನ ಕುರ್ಚಿಯಲ್ಲಿ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಇದೆ. ಲೀಗಿಗೆಂದು ನಾನು ಒಂದು ನಿಯಮವನ್ನೂ ಬರೆಯಲಿಲ್ಲ. ಏಣಿಯ ಮುಖ ನನಗೆ ಇವತ್ತಿಗೂ ಗೊತ್ತಿಲ್ಲ. ಮೂರು ಕರಡಿನಲ್ಲೂ ಬರೆದದ್ದು ಒಂದೇ ಮಾತು, ಹೋಗಬೇಡ ಅಂತ. ಅದನ್ನು ಬಾಲ್ಕನಿಯಲ್ಲಿ ಹೇಳಬಹುದಿತ್ತು, ಅವಳು ಕೇಳಿದಳು, ಎದುರಿಗೇ ನಿಂತು ಕೇಳಿದಳು. ಹೇಳಿದ್ದರೆ ಇಲ್ಲೇ ಉಳಿದುಬಿಡುತ್ತಿದ್ದಳು.

ಅದಕ್ಕೇ ಹೇಳಲಿಲ್ಲ.